ವಾಸನೆ ಬಂತು ಅಂದವರು

ಯಾಲ್ಕಾ ಬೋರ್
11 ಮಾರ್ಚ್ 1996

ಮಗಳೇ ಜನೀನ್,

ನೀನು ಕಳಿಸಿದ ಕಂಬಳಿ, ಓದುವ ಕನ್ನಡಕ ಎರಡೂ ಮಂಗಳವಾರದ ಟಪಾಲು ವಿಮಾನದಲ್ಲಿ ಬಂದವು. ಕನ್ನಡಕ ಹಾಕಿಕೊಂಡ ಮೇಲೆಯೇ ಗೊತ್ತಾಗಿದ್ದು, ನನ್ನ ಉಗುರಿನಲ್ಲಿ ಇಷ್ಟೊಂದು ಮಣ್ಣು ಸೇರಿಕೊಂಡಿದೆ ಅಂತ. ಈ ಕಾಗದ ಮುಗಿದ ಮೇಲೆ ತೆಗೆದಿಡುತ್ತೇನೆ. ಎಲ್ಲವನ್ನೂ ಅಷ್ಟು ಚೆನ್ನಾಗಿ ನೋಡಿ ನನಗೇನಾಗಬೇಕಿದೆ.

ಗಸ್ತಿನ ಗಾಡಿಗೆ ಹೊಸ ಟೈರು ಹಾಕಿಸಿದ್ದೇವೆ. ನಿನ್ನ ಸೋದರತ್ತೆ ಮೇವಿಸ್ ಓಡಿಸುವುದು, ನಾನು ಪಕ್ಕದಲ್ಲಿ ಕೂತು ಬೈಯುವುದು, ಎಲ್ಲ ಎಂದಿನಂತೆ. ಹೋದ ತಿಂಗಳು ಸಿಕ್ಕಿದ್ದು ಎರಡೇ ಪೆಟ್ಟಿಗೆ ವೈನು, ಅದೂ ಹೊರಗಿನವರ ಗಾಡಿಯಲ್ಲಿ. ಮಣ್ಣಿಗೆ ಸುರಿದೆವು. ಇರುವೆಗಳಿಗೆ ಇವತ್ತು ಹಬ್ಬ ಅಂದಳು ಮೇವಿಸ್. ಈ ಊರಿಗೆ ಹನಿ ಹೆಂಡವೂ ಬರಕೂಡದು ಅಂತ ಹನ್ನೊಂದು ವರ್ಷದ ಹಿಂದೆ ನಾವು ಹೆಂಗಸರು ಕಟ್ಟು ಮಾಡಿದಾಗ ನಕ್ಕ ಗಂಡಸರೇ ಈಗ ಅದನ್ನು ತಾವು ಮಾಡಿದ್ದು ಅಂತ ಹೇಳಿಕೊಂಡು ಓಡಾಡುತ್ತಾರೆ. ಓಡಾಡಲಿ ಬಿಡು.

ನಿನ್ನ ಮನೆಯವರು ಚೆನ್ನಾಗಿದ್ದಾರಂತೆ. ಅಳಿಯನ ಮುಖ ನಾನು ಹೇಗೆ ನೋಡಲಿ, ಮೇವಿಸ್ ಹೇಳಿದ್ದು. ಹೋದ ವಾರ ನೀರಿನ ಟ್ಯಾಂಕಿನ ಏಣಿಯಿಂದ ಜಾರಿ ಬಿದ್ದರಂತೆ. ತಲೆ ಕಬ್ಬಿಣಕ್ಕೆ ಬಡಿಯಿತಂತೆ. ಎದ್ದು ಮಣ್ಣು ಕೊಡವಿಕೊಂಡು, ಟ್ಯಾಂಕಿಗೇನೂ ಆಗಿಲ್ಲ, ನೀರು ಬರುತ್ತೆ ಅಂದರಂತೆ. ಅಂಗಡಿಯ ಮುಂದೆ ಕೂತವರೆಲ್ಲ ನಕ್ಕರು. ನಿನ್ನ ಮನೆಯವರು ಕುಡಿತ ಬಿಟ್ಟು ಈ ಚಳಿಗಾಲಕ್ಕೆ ಎರಡು ವರ್ಷ. ಬೋರಿನ ಕೆಲಸ ಅವರ ಕೈಗೆ ಬಂದ ಮೇಲೆ ಒಂದು ದಿನವೂ ನೀರು ನಿಂತಿಲ್ಲ. ಎದುರಿಗೆ ನಿಂತು ಹೇಳುವ ಹಾಗಿಲ್ಲವಲ್ಲ, ನೀನಾದರೂ ಹೇಳು, ನಿಮ್ಮ ಅತ್ತೆಗೆ ಸಂತೋಷವಾಗಿದೆ ಅಂತ.

ಕಾಂಗರೂ ಬಾಲ ಎರಡು ಕಳಿಸಿದ್ದೇನೆ. ಹಾಸ್ಟೆಲಿನವರಿಗೆಲ್ಲ ಹಂಚಿ ನೀನು ಮೂಳೆ ಚೀಪುತ್ತಾ ಕೂರಬೇಡ.

ಇಲ್ಲಿಂದ ನಿನ್ನನ್ನೇ ನೆನೆಯುವ ಅಮ್ಮ,
ಡಲ್ಸಿ


ಆಲಿಸ್ ಸ್ಪ್ರಿಂಗ್ಸ್
26 ಮಾರ್ಚ್ 1996

ಅಮ್ಮಾ,

ಬಾಲ ಬಂತು. ಹಾಸ್ಟೆಲಿನ ಅಂಗಳದಲ್ಲಿ ಬೆಂಕಿ ಹಾಕುವ ಹಾಗಿಲ್ಲ ಅಂತ ಬೋರ್ಡು ತಗುಲಿಸಿದ್ದಾರೆ. ಅಡುಗೆಮನೆಯ ಓವನ್ನಿನಲ್ಲಿ ಬೇಯಿಸಿದೆವು. ಕೆಂಡದಲ್ಲಿ ಬೇಯದ ಬಾಲ ಸಪ್ಪೆ, ಆದರೂ ಅದರ ಮುಂದೆ ಕೂತು ನಾವು ಐದು ಹೆಂಗಸರು ಒಂದು ಮೂಳೆಯನ್ನೂ ಬಿಡದೆ ಚೀಪಿದೆವು. ಒಂದು ತುಂಡು ತಿನ್ನಬಹುದು ಅಂತ ಡಾಕ್ಟರು ಹೇಳಿದ್ದಾರೆ. ನಾನು ತಿಂದದ್ದೆಷ್ಟು ಅಂತ ನಿನಗೂ ಹೇಳುವುದಿಲ್ಲ.

ಸೋಮವಾರ, ಬುಧವಾರ, ಶುಕ್ರವಾರ ರಕ್ತ ತೊಳೆಯುವ ಮಷೀನು. ಐದು ಗಂಟೆ ಅದರ ಪಕ್ಕ ಮಲಗಿ ಚಾವಣಿ ನೋಡುವುದು, ಮಾರನೆಯ ದಿನ ಸುಸ್ತು, ಅದರ ಮಾರನೆಯ ದಿನ ಮತ್ತೆ ಮಷೀನು. ಹೋದ ವಾರ ಹೊಸ ಡಾಕ್ಟರೊಬ್ಬ ಬಂದಿದ್ದ, ಚಿಕ್ಕ ವಯಸ್ಸು. ಮೊದಲು ಕೇಳಿದ್ದೇ, "ದಿನಕ್ಕೆ ಎಷ್ಟು ಕುಡೀತೀರಿ?" ನಾಲ್ಕು ಲೋಟ ಚಹಾ ಅಂದೆ. ಅವನು ನಗಲಿಲ್ಲ, ಏನೋ ಬರೆದುಕೊಂಡ. ಈ ನಾಲಿಗೆಗೆ ಒಂದು ತೊಟ್ಟು ಮುಟ್ಟಿಸಿದವಳಲ್ಲ ನಾನು. ಚಿಕ್ಕಂದಿನ ಹುಣ್ಣು, ಗಂಟಲುಬೇನೆ, ಆಮೇಲೆ ಬಂದ ಸಕ್ಕರೆ ಕಾಯಿಲೆ, ಇವೇ ಮೂತ್ರಪಿಂಡ ತಿಂದದ್ದು ಅಂತ ಹಳೆಯ ನರ್ಸಮ್ಮನೇ ಹೇಳಿದ್ದಾಳೆ. ಆದರೆ ಈ ಪಟ್ಟಣದಲ್ಲಿ ನಮ್ಮ ಮೂಲನಿವಾಸಿ ಜನ ಒಣ ಹೊಳೆಯ ಮರಳಲ್ಲಿ ಕೂತು ಚಹಾ ಕುಡಿದರೂ ನೋಡುವವರು ಹೆಂಡ ಅಂತಲೇ ಅಂದುಕೊಳ್ಳುವುದು. ಅಭ್ಯಾಸ ಆಗಿದೆ ಅಂತ ಬರೆಯೋಣ ಅಂದುಕೊಂಡೆ. ಆಗಿಲ್ಲ, ಅಮ್ಮಾ.

ಬೆವನ್ ಪ್ರತಿ ಭಾನುವಾರ ಹತ್ತು ಗಂಟೆಗೆ ಅಂಗಡಿಯ ಫೋನಿನಿಂದ ಮಾತಾಡುತ್ತಾನೆ. ಮೊನ್ನೆ ಭಾನುವಾರ ಮಾಡಲಿಲ್ಲ. ಅದರ ಹಿಂದಿನ ವಾರ ಮಾಡಿದಾಗ ಹಾಸ್ಟೆಲಿನಲ್ಲಿ ಫ್ಯಾನು ಇದೆಯಾ ಅಂತ ಮೂರು ಸಲ ಕೇಳಿದ. ಮೂರು ಸಲವೂ ಇದೆ ಅಂದೆ. ತಲೆನೋವು ಅಂತಿದ್ದ. ಮೇವಿಸ್ ಅತ್ತೆಗೆ ಸ್ವಲ್ಪ ಹೋಗಿ ನೋಡಲು ಹೇಳುತ್ತೀಯಾ?

ಪ್ರೀತಿಯಿಂದ,
ಜನೀನ್


ಯಾಲ್ಕಾ ಬೋರ್
22 ಏಪ್ರಿಲ್ 1996

ಜನೀನ್,

ಈ ಕಾಗದ ಬರೆಯಲು ನಾಲ್ಕು ದಿನ ತಡ ಮಾಡಿದೆ. ಅಷ್ಟರಲ್ಲಿ ನಿನ್ನ ಮನೆಯವರೇ ನಿನ್ನ ಮುಂದೆ ನಿಂತಿರುತ್ತಾರೆ. ಆದರೂ ನನ್ನ ಬಾಯಿಂದ ನಿನಗೆ ಗೊತ್ತಾಗಲಿ.

ಮೂರು ವಾರದಿಂದ ಅವರು ಸರಿಯಿರಲಿಲ್ಲ. ಪಂಪಿನ ಕೀಲಿಕೈಯನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು ಊರೆಲ್ಲ ಹುಡುಕಿಸಿದರು. ಗಾಡಿಯನ್ನು ಶಾಲೆಯ ಬೇಲಿಗೆ ನುಗ್ಗಿಸಿದರು. ಯಾರಾದರೂ ಕೇಳಿದರೆ ರೇಗುವುದು, ಆಮೇಲೆ ಮಧ್ಯಾಹ್ನವಿಡೀ ನಿದ್ದೆ. ಹನ್ನೆರಡನೆಯ ತಾರೀಕು ನಾವು ಫುಟ್‌ಬಾಲ್ ಮೈದಾನದ ಕಡೆ ಗಸ್ತು ಹೋದಾಗ ಅವರು ಬೇಲಿ ಹಿಡಿದು ನಡೆಯುತ್ತಿದ್ದರು. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ. ನಾನು ಮುಖ ತಿರುಗಿಸಿದೆ. ತಿರುಗಿಸುವ ಮೊದಲೇ ಕಣ್ಣಿಗೆ ಬಿದ್ದಾಗಿತ್ತು. ವಾಸನೆಯೂ ಬಂತು.

ಮಂಗಳವಾರ ಸಭೆ ಸೇರಿತು. ನನ್ನ ಅಳಿಯ ಅಂತ ನಾನು ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಇನ್ನೊಬ್ಬಳ ಮಗನ ಪೆಟ್ಟಿಗೆಯನ್ನು ಯಾವ ಮುಖ ಇಟ್ಟುಕೊಂಡು ಮಣ್ಣಿಗೆ ಸುರಿಯಲಿ? ಎದ್ದು ಹೇಳಿದೆ, ನೋಡಿದ್ದೇನೆ, ವಾಸನೆ ಬಂತು ಅಂತ. ಮೇವಿಸ್ ಹೌದು ಅಂದಳು. ಹಿರಿಯ ಪರ್ಸಿಯೂ ಅಂಗಡಿಯಲ್ಲಿ ತನಗೂ ವಾಸನೆ ಬಂದಿತ್ತು ಅಂದ. ನಿನ್ನ ಮನೆಯವರು ನನ್ನಿಂದ ದೂರ, ಹಿಂದಿನ ಕಂಬದ ಹತ್ತಿರ ನಿಂತಿದ್ದರು. ಕುಡಿದಿದ್ದೀಯಾ ಅಂತ ಪರ್ಸಿ ಕೇಳಿದಾಗ ಮೊದಲು ಇಲ್ಲ ಅಂದರು. ಮತ್ತೆ ಕೇಳಿದಾಗ "ಗೊತ್ತಿಲ್ಲ" ಅಂದರು. ಕುಡಿದೆನೋ ಇಲ್ಲವೋ ಅಂತ ಗೊತ್ತಿಲ್ಲದವರು ಉಂಟೇ, ಮಗಳೇ? ಆ ಮಾತಿಗೇ ಸಭೆ ಮುಗಿಯಿತು. ಆರು ತಿಂಗಳು ಊರ ಹೊರಗೆ, ಎಲ್ಲರಿಗೂ ಇರುವ ಕಟ್ಟೇ. ಗುರುವಾರದ ಲಾರಿಯಲ್ಲಿ ಹೋದರು.

ತೀರಿಹೋದ ಮೇಲೆ ಹೆಸರು ಹೇಳಬಾರದಲ್ಲ, ಆ ನಿನ್ನ ಅಣ್ಣ ಹೀಗೆಯೇ ನಡೆದುಕೊಂಡು ಬಂದಾಗಲೆಲ್ಲ ನಾನು ಬಾಗಿಲು ತೆರೆದೆ, ಯಾರಿಗೂ ಹೇಳದೆ ಮಲಗಿಸಿದೆ. ಆರು ವರ್ಷ ಮುಚ್ಚಿಟ್ಟೆ. ಮುಚ್ಚಿಟ್ಟದ್ದಕ್ಕೆ ಏನು ಸಿಕ್ಕಿತು ಅಂತ ನಿನಗೆ ಗೊತ್ತು. ಇವರ ವಿಷಯದಲ್ಲಿ ಹಾಗಾಗಬಾರದು ಅಂತಲೇ ಮೊದಲ ಸಲವೇ ಹೇಳಿಬಿಟ್ಟೆ. ಸರಿಯಾದದ್ದೇ ಮಾಡಿದ್ದೇನೆ. ಆದರೂ ಯಾಕೋ ನಾಲ್ಕು ದಿನದಿಂದ ಮಾಡಿದ ಚಹಾವನ್ನು ಮಣ್ಣಿಗೆ ಸುರಿಯುತ್ತಿದ್ದೇನೆ.

ನಿನ್ನ ಅಮ್ಮ,
ಡಲ್ಸಿ


ಆಲಿಸ್ ಸ್ಪ್ರಿಂಗ್ಸ್
2 ಮೇ 1996

ಅಮ್ಮಾ,

ಬೆವನ್ ಇಲ್ಲಿದ್ದಾನೆ. ಇಲ್ಲಿ ಅಂದರೆ ನನ್ನ ಹತ್ತಿರ ಅಲ್ಲ. ಹಾಸ್ಟೆಲಿನಲ್ಲಿ ಗಂಡಸರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಅವನಿಗೆ ಬೇರೆ ಜಾಗವಿಲ್ಲ, ಹೊಳೆಯ ಮರಳಲ್ಲಿ ನಮ್ಮ ಕಡೆಯವರ ಜೊತೆ ಮಲಗುತ್ತಾನೆ. ಅಲ್ಲಿ ಯಾರ ಕೈಯಲ್ಲಿ ಏನಿರುತ್ತದೆ ಅಂತ ನಿನಗೆ ಗೊತ್ತು. ಕುಡಿದ ಅಂತ ಒಬ್ಬನನ್ನು ಕುಡಿಯುವವರ ಮಧ್ಯಕ್ಕೇ ಕಳಿಸುವ ಕಟ್ಟು ನನಗೆ ಯಾವತ್ತೂ ಅರ್ಥವಾಗಿಲ್ಲ.

ಬಂದ ದಿನ ಗೇಟಿನ ಹತ್ತಿರ ಅವನ ಬಾಯಿ ಮೂಸಿ ನೋಡಿದೆ. ಅವನು ಸುಮ್ಮನೆ ಬಾಯಿ ತೆರೆದು ನಿಂತ. ಹಾಗೆ ನಿಂತದ್ದಕ್ಕೇ ನನಗೆ ಅಳು ಬಂತು. ಚಹಾ, ಹೊಗೆಸೊಪ್ಪು, ಅಷ್ಟೇ. ಆದರೆ ನಡಿಗೆ ನೀನು ಬರೆದ ಹಾಗೆಯೇ ಇತ್ತು. ಮಾತು ತೊದಲುತ್ತಿತ್ತು. ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿದ, ಗೊತ್ತೇ ಆಗಲಿಲ್ಲ. ನನ್ನನ್ನು ಎರಡು ಸಲ ಅವನ ತಂಗಿಯ ಹೆಸರಿನಿಂದ ಕರೆದ. ನಾಲ್ಕನೆಯ ದಿನ ಬಂದಾಗ ಬಾಯಲ್ಲಿ ವೈನಿನ ವಾಸನೆ ಇತ್ತು. ಬೀದಿಯಲ್ಲೇ ಬೈದೆ. ನಾನಿಲ್ಲಿ ಸೂಜಿ ಚುಚ್ಚಿಸಿಕೊಂಡು ಬದುಕಲು ಒದ್ದಾಡುತ್ತಿದ್ದೇನೆ, ನಿನಗೆ ಸುಮ್ಮನೆ ಇರಲೂ ಆಗುವುದಿಲ್ಲವಾ ಅಂದೆ.

ಅವನು ಹೇಳಿದ್ದು ಇಷ್ಟು: "ಅಲ್ಲಿ ನಾನು ಕುಡಿದಿಲ್ಲ ಅಂತ್ಲೇ ಅನ್ಸುತ್ತೆ ಜನೀನ್. ಆದ್ರೆ ಅಷ್ಟು ಜನ ವಾಸನೆ ಬಂತು ಅಂತಾರಲ್ಲ, ನಾನೊಬ್ನೇ ಹೇಗೆ ಸರಿ ಆಗ್ತೀನಿ? ಕುಡಿದೋನ ಹಾಗೇ ಇದೀನಿ ಅಂದ್ಮೇಲೆ ಕುಡಿದ್ರೇನು ಅನ್ನಿಸ್ತು."

ಅಮ್ಮಾ, ನನಗೆ ಏನೂ ತಿಳಿಯುತ್ತಿಲ್ಲ. ಅವನು ಸುಳ್ಳು ಹೇಳುವಾಗ ಎಡಗಿವಿ ತುರಿಸಿಕೊಳ್ಳುತ್ತಾನೆ. ಆವತ್ತು ತುರಿಸಿಕೊಳ್ಳಲಿಲ್ಲ. ಅಥವಾ ತುರಿಸಿಕೊಳ್ಳುವುದನ್ನೂ ಮರೆತನೋ ಏನೋ.

ಜನೀನ್


ಯಾಲ್ಕಾ ಬೋರ್
9 ಮೇ 1996

ಮಗಳೇ,

ಕುಡಿದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿನ್ನ ಅಣ್ಣನೂ ನನ್ನ ಮಡಿಲಲ್ಲಿ ತಲೆಯಿಟ್ಟು ಹಾಗೇ ಹೇಳುತ್ತಿದ್ದ. ಅವನ ಕಿವಿ, ಮೂಗು, ಕಣ್ಣು ಎಲ್ಲ ನೋಡಿ ನಂಬಿದ್ದೆ. ನೀನು ಮಷೀನು ತಪ್ಪಿಸಿ ಹೊಳೆಯ ಹತ್ತಿರ ಹೋಗಿ ಕೂರಬೇಡ. ಅವರಿಗಾಗಿ ನಿನ್ನನ್ನು ಕಳೆದುಕೊಳ್ಳಲು ನಾನು ಸಿದ್ಧಳಿಲ್ಲ, ಇಷ್ಟು ಗಟ್ಟಿಯಾಗಿ ಬರೆಯುತ್ತಿದ್ದೇನೆ.

ಬೋರು ಮೂರು ದಿನದಿಂದ ಕೆಟ್ಟಿದೆ. ಬಕೆಟ್ಟಿನಲ್ಲಿ ಹೊರುತ್ತಿದ್ದೇವೆ.

ಅಮ್ಮ


ಆಲಿಸ್ ಸ್ಪ್ರಿಂಗ್ಸ್
20 ಮೇ 1996

ಅಮ್ಮಾ,

ಇದನ್ನು ಕೂತು ಓದು.

ಹೋದ ಮಂಗಳವಾರ ಸಂಜೆ ಬೆವನ್ ಹೊಳೆಯ ಸೇತುವೆಯ ಕೆಳಗೆ ಬಿದ್ದಿದ್ದ. ಕುಡಿದವರನ್ನು ಎತ್ತಿಕೊಂಡು ಹೋಗಿ ಮಲಗಿಸುವ ಮನೆಯೊಂದಿದೆ, ಅಲ್ಲಿಗೆ ಒಯ್ದರು. ಬೆಳಗ್ಗೆ ಎಲ್ಲರೂ ಎದ್ದರು, ಇವನು ಏಳಲಿಲ್ಲ. ಅಲ್ಲಿ ಕೆಲಸ ಮಾಡುವ ನಮ್ಮ ಹೆಂಗಸೊಬ್ಬಳು ರೆಪ್ಪೆ ಎತ್ತಿ ನೋಡಿದಳಂತೆ. ಒಂದು ಕಣ್ಣಿನ ಪಾಪೆ ದೊಡ್ಡದಾಗಿತ್ತಂತೆ, ಇನ್ನೊಂದು ಚಿಕ್ಕದು. ಅವಳು ಕೂಗಾಡಿ ಆಂಬುಲೆನ್ಸ್ ತರಿಸಿದಳು. ಅವಳಿಲ್ಲದಿದ್ದರೆ ಇವತ್ತು ನಾನು ಅವನ ಹೆಸರು ಬರೆಯುವ ಹಾಗಿರಲಿಲ್ಲ.

ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಅಡಿಲೇಡಿಗೆ ವಿಮಾನದಲ್ಲಿ ಒಯ್ದು ತಲೆಬುರುಡೆಗೆ ತೂತು ಕೊರೆದು ತೆಗೆದಿದ್ದಾರೆ. ಆವತ್ತು ಬುಧವಾರ, ನನ್ನ ಮಷೀನಿನ ದಿನ. ಅವನ ವಿಮಾನದ ಸದ್ದು ಮಲಗಿದಲ್ಲಿಂದ ಕೇಳಿಸಿತು. ಜೊತೆಗೆ ಹೋಗಲಾಗಲಿಲ್ಲ. ದಿನಾ ಫೋನು ಮಾಡುತ್ತೇನೆ. ಕಣ್ಣು ಬಿಟ್ಟಿದ್ದಾನಂತೆ. ಬಲಗಾಲು, ಬಲಗೈ ಸ್ವಾಧೀನಕ್ಕೆ ಬಂದಿಲ್ಲವಂತೆ.

ಅದು ಹೊಸ ರಕ್ತವಲ್ಲ, ಎರಡು ತಿಂಗಳ ಹಿಂದಿನ ಪೆಟ್ಟು ಅಂದರು ಡಾಕ್ಟರು. ಏಣಿಯಿಂದ ಬಿದ್ದದ್ದು ಹೇಳಿದೆ. ಅದೇ ಇರಬೇಕು ಅಂದರು. ಒಳಗೆ ನಿಧಾನವಾಗಿ ಜಿನುಗುತ್ತಾ ಇರುತ್ತದಂತೆ. ಮನುಷ್ಯ ಓಲಾಡುತ್ತಾನೆ, ತೊದಲುತ್ತಾನೆ, ಮರೆಯುತ್ತಾನೆ, ರೇಗುತ್ತಾನೆ, ನೋಡಿದವರಿಗೆ ಕುಡಿದ ಹಾಗೇ ಕಾಣುತ್ತದಂತೆ. ನಾನು ಉಸಿರು ಬಿಟ್ಟೆ. ಆಗ ಅವರು, ಆದರೆ ಅವತ್ತಿನ ರಕ್ತದಲ್ಲಿ ಮದ್ಯವೂ ಇತ್ತು ಅಂದರು. ಯಾಲ್ಕಾ ಬೋರಿನಲ್ಲಿ ಏಪ್ರಿಲ್ ಹನ್ನೆರಡಕ್ಕೆ ಇತ್ತೇ ಅಂದೆ. ಅದನ್ನು ಯಾರು ಹೇಳಲಾದೀತಮ್ಮ ಅಂದರು.

ನಾನು ರಸ್ತೆಯಲ್ಲಿ ಅವನನ್ನು ಬೈದೆ. ತಲೆಯಲ್ಲಿ ರಕ್ತ ತುಂಬಿಕೊಂಡು ನಿಂತವನನ್ನು ಬೈದೆ. ಆಮೇಲೆ, ಕುಡಿದಿದ್ದನಲ್ಲ, ಬೈದದ್ದರಲ್ಲಿ ತಪ್ಪೇನು ಅನ್ನಿಸುತ್ತದೆ. ಆಮೇಲೆ ಮತ್ತೆ ಮೊದಲಿನಿಂದ ಶುರು. ನನ್ನ ತಲೆ ಯಾವ ಕಡೆಯೂ ನಿಲ್ಲುತ್ತಿಲ್ಲ.

ಒಂದು ಮಾತು ಮಾತ್ರ ಐದು ದಿನದಿಂದ ಬಿಡುತ್ತಿಲ್ಲ, ಕೇಳಿಬಿಡುತ್ತೇನೆ. ನಮ್ಮ ಮದುವೆಯಾಗಿ ಹದಿನಾಲ್ಕು ವರ್ಷ. ಹೆಣ್ಣು ಕೊಟ್ಟ ಅತ್ತೆ ಅಳಿಯನ ಮುಖ ನೋಡಬಾರದು, ಮಾತಾಡಬಾರದು ಅನ್ನುವ ಮರ್ಯಾದೆಯನ್ನು ನೀನು ಒಂದು ದಿನ ತಪ್ಪಿದವಳಲ್ಲ. ಅವನು ಅಂಗಡಿಗೆ ಮುಂಬಾಗಿಲಿಂದ ಬಂದರೆ ನೀನು ಹಿಂಬಾಗಿಲಿಂದ ಹೊರಟಿರುತ್ತೀ. ನೀನು ಕೂತ ಗಾಡಿ ಅವನ ಹತ್ತಿರಕ್ಕೆ ಹೋಗುವ ಹಾಗೇ ಇಲ್ಲ. ಹಾಗಿರುವಾಗ ವಾಸನೆ ನಿನಗೆ ಹೇಗೆ ಬಂತು, ಅಮ್ಮಾ?

ಜನೀನ್


ಯಾಲ್ಕಾ ಬೋರ್
25 ಜೂನ್ 1996

ಜನೀನ್,

ನಾನು ಮೇವಿಸ್ ಅತ್ತೆ. ಬರೆಯುವುದು ನನಗೆ ಅಷ್ಟಾಗಿ ಬರುವುದಿಲ್ಲ, ಕ್ಲಿನಿಕ್ಕಿನ ಹುಡುಗಿಯ ಹತ್ತಿರ ಬರೆಸುತ್ತಿದ್ದೇನೆ. ನಿನ್ನ ಕಾಗದ ಬಂದ ದಿನದಿಂದ ನಿನ್ನ ಅಮ್ಮ ಗಸ್ತಿಗೆ ಬಂದಿಲ್ಲ. ಮನೆಯ ಹಿಂದೆ ಗೋಡೆಗೆ ಒರಗಿ ಕೂತಿರುತ್ತಾಳೆ. ರೊಟ್ಟಿ ಸುಟ್ಟು ಕೊಟ್ಟರೆ ನಾಯಿಗಳಿಗೆ ಹಾಕುತ್ತಾಳೆ. ನಾಯಿಗಳು ದಪ್ಪಗಾಗಿವೆ, ಅವಳು ಸಣ್ಣಗಾಗಿದ್ದಾಳೆ. ನೀನು ಏನು ಬರೆದಿದ್ದೀ ಅಂತ ಕೇಳಿದರೆ ಹೇಳುವುದಿಲ್ಲ. ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡಿದ್ದಾಳೆ.

ಆದರೆ ಅದರಲ್ಲೇನಿದೆ ಅಂತ ನನಗೆ ಗೊತ್ತು ಅನ್ನಿಸುತ್ತದೆ. ಜನೀನ್, ಆವತ್ತು ಸಭೆಯಲ್ಲಿ ನಾನೂ ವಾಸನೆ ಬಂತು ಅಂದೆನಲ್ಲ. ನಿನ್ನ ಅಮ್ಮ ಅಷ್ಟು ಗಟ್ಟಿಯಾಗಿ ಹೇಳಿದಾಗ ನನಗೂ ಬಂದಿತ್ತು ಅನ್ನಿಸಿತು. ಈಗ ನೆನೆಸಿಕೊಂಡರೆ ಪೆಟ್ರೋಲಿನ ವಾಸನೆ ಬರುತ್ತದೆ, ಹೊಸ ಟೈರಿನ ವಾಸನೆ ಬರುತ್ತದೆ. ಅದು ಬಂದಿತ್ತೋ ಇಲ್ಲವೋ ಹೇಳಲಾರೆ. ನಿನ್ನ ಗಂಡನಿಗೆ ಇದನ್ನು ಹೇಳಬೇಕೋ ಬೇಡವೋ ಅದನ್ನೂ ಹೇಳಲಾರೆ. ನೀನೇ ನೋಡಿಕೋ.

ನಿನ್ನ ಅತ್ತೆ,
ಮೇವಿಸ್


ಯಾಲ್ಕಾ ಬೋರ್
19 ಜುಲೈ 1996

ಜನೀನ್,

ನೀನು ಕೇಳಿದ್ದಕ್ಕೆ ಉತ್ತರ ಎರಡು ತಿಂಗಳು ಹುಡುಕಿದೆ. ಸುಳ್ಳು ಬರೆಯಲು ನಾಲ್ಕು ಸಲ ಕೂತೆ. ಗಾಳಿ ನಮ್ಮ ಕಡೆ ಬೀಸುತ್ತಿತ್ತು ಅಂತ ಒಂದು ಸಲ ಬರೆದೇಬಿಟ್ಟಿದ್ದೆ. ಆವತ್ತು ಗಾಳಿಯೇ ಇರಲಿಲ್ಲ, ಮಗಳೇ.

ಗಾಡಿ ನಿಂತದ್ದು ನೀರಿನ ಟ್ಯಾಂಕಿನ ಹತ್ತಿರ. ಅವರಿದ್ದದ್ದು ಮೈದಾನದ ಆ ಕಡೆಯ ಬೇಲಿಯಲ್ಲಿ. ಗಾಡಿಯಲ್ಲಿ ನಾನಿದ್ದೆ ಅಂತಲೇ ಮೇವಿಸ್ ಮುಂದೆ ಹೋಗಲಿಲ್ಲ. "ನಾನು ಇಳ್ದು ನೋಡ್ಕೊಂಡು ಬರ್ಲಾ?" ಅಂತ ಕೇಳಿದಳು. ಅವಳಿಗೆ ಅಡ್ಡಿಯೇನಿರಲಿಲ್ಲ, ಅವಳು ಅವರ ಎದುರು ಹೋಗಬಹುದಾದವಳು. ಬೇಡ, ನಡಿ ಅಂದದ್ದು ನಾನು. ಅವಳಿಗೆ ಅದು ಮರೆತುಹೋಗಿದೆಯೋ, ನನ್ನ ಮುಖ ನೋಡಿ ಮರೆತಂತೆ ಇದ್ದಾಳೋ ಗೊತ್ತಿಲ್ಲ. ಅವಳು ಇಳಿದಿದ್ದರೆ, ಕುಡಿದಿಲ್ಲ, ಕಾಯಿಲೆ ಅಂತ ಅವತ್ತೇ ಗೊತ್ತಾಗುತ್ತಿತ್ತು. ಕ್ಲಿನಿಕ್ಕು ಇನ್ನೂರು ಹೆಜ್ಜೆ ದೂರ.

ಆದರೆ ವಾಸನೆ ಬಂದದ್ದು ನಿಜ. ಅದನ್ನು ಹೇಗೆ ಹೇಳಲಿ. ಆ ನಡಿಗೆ ಕಣ್ಣಿಗೆ ಬಿದ್ದ ಕೂಡಲೇ ಮೂಗಿಗೆ ಬಂತು, ಈಗ ನಾನು ಹಿಡಿದ ಪೆನ್ನಿನಷ್ಟು ನಿಜವಾಗಿ ಬಂತು. ಅದು ನಿನ್ನ ಮನೆಯವರದಲ್ಲ. ನಿನ್ನ ಅಣ್ಣನದು. ಆರು ವರ್ಷ ಅವನ ತಲೆ ನನ್ನ ಮಡಿಲಲ್ಲಿತ್ತಲ್ಲ, ಆ ವಾಸನೆ. ಸತ್ತವರ ಬಟ್ಟೆ ಸುಟ್ಟೆವು, ಮನೆ ಬಿಟ್ಟು ಬೇರೆ ಮನೆಗೆ ಬಂದೆವು, ಹೆಸರನ್ನೂ ಬಿಟ್ಟೆವು. ಅದೊಂದು ನನ್ನ ಮೂಗಿನಲ್ಲೇ ಉಳಿದಿತ್ತು. ಮಗನನ್ನು ಹಿಡಿಯಬೇಕಾಗಿದ್ದಾಗ ಹಿಡಿಯದೆ, ಅಳಿಯನನ್ನು ಹಿಡಿದುಕೊಟ್ಟೆ.

ಮುಖ ತಿರುಗಿಸುವುದು ಮರ್ಯಾದೆಗೆ. ಹಿರಿಯರು ಹಾಗೆ ಕಲಿಸಿದ್ದು, ಅದರಲ್ಲಿ ತಪ್ಪಿಲ್ಲ. ನಾನು ಮಾತ್ರ ಮುಖವನ್ನೂ ತಿರುಗಿಸಿದೆ, ನೋಡಿದೆ ಅಂತಲೂ ಹೇಳಿದೆ. ಎರಡನ್ನೂ ಒಬ್ಬಳೇ ಮಾಡಬಾರದಿತ್ತು.

ಮೊನ್ನೆ ಸಭೆ ಕರೆಸಿದೆ. ಎದ್ದು ಎಲ್ಲವನ್ನೂ ಹೇಳಿದೆ. ನಾನು ಅಷ್ಟು ದೂರದಲ್ಲಿದ್ದೆ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದದ್ದೇ. ಅಳಿಯನ ವಾಸನೆ ಅತ್ತೆಗೆ ಹೇಗೆ ಬಂತು ಅಂತ ಅವತ್ತು ಒಬ್ಬರಿಗೂ ಹೊಳೆಯಲಿಲ್ಲ. ನನಗೇ ಹೊಳೆದಿರಲಿಲ್ಲ. ಪರ್ಸಿ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೇಳಿದ: "ನಂಗೂ ಬಂದಿತ್ತಲ್ಲ ಡಲ್ಸಿ. ಹಾಗಾದ್ರೆ ಅದೆಲ್ಲಿಂದ ಬಂತು?" ಅವನು ಅದನ್ನೇ ಇನ್ನೊಂದು ಸಲ ಕೇಳಿದ. ಅವನೂ ಒಬ್ಬ ತಮ್ಮನನ್ನು ಹೊಳೆಯ ಮರಳಲ್ಲಿ ಕುಡಿತಕ್ಕೆ ಕಳೆದುಕೊಂಡವನು. ಅಲ್ಲಿ ಕೂತಿದ್ದವರಲ್ಲಿ ಕಳೆದುಕೊಳ್ಳದವರು ಯಾರಿದ್ದರು ಹೇಳು.

ಅವರ ಮೇಲಿನ ಕಟ್ಟು ತೆಗೆದಿದ್ದಾರೆ. ಯಾವಾಗ ಬೇಕಾದರೂ ಬರಬಹುದು. ಇನ್ನು ಮೇಲೆ ಗಸ್ತಿನಲ್ಲಿ ಒಬ್ಬರು ಹತ್ತಿರ ಹೋಗುವ ಹಾಗಿಲ್ಲದಿದ್ದರೆ ಇನ್ನೊಬ್ಬರು ಇಳಿದು ಹೋಗಲೇಬೇಕು, ಮೊದಲು ಕ್ಲಿನಿಕ್ಕು, ಆಮೇಲೆ ಸಭೆ, ಅಂತ ಮಾಡಿದೆವು. ನಾನು ಹೇಳಿದ್ದಕ್ಕೆ ಒಪ್ಪಿದರು. ನಾನು ಹೇಳಿದ್ದಕ್ಕೆ ಇನ್ನೂ ಒಪ್ಪುತ್ತಾರಲ್ಲ ಅಂತ ಹೆದರಿಕೆಯಾಯಿತು.

ಗಸ್ತು ಬಿಟ್ಟಿದ್ದೇನೆ. ಅವರು ಬರುವ ಮೊದಲು ನಾನು ಇಲ್ಲಿಂದ ಹೋಗುತ್ತೇನೆ. ನನ್ನ ಅಕ್ಕನ ಬಿಡಾರ ಎಂಬತ್ತು ಮೈಲಿ ಪೂರ್ವಕ್ಕಿದೆ, ನಾಲ್ಕು ಮನೆ, ಒಂದು ಕೈಪಂಪು. ಅವರಿಗೆ ಈ ಊರು ಬೇಕು. ಹೆಜ್ಜೆ ಹೆಜ್ಜೆಗೂ ನನ್ನನ್ನು ತಪ್ಪಿಸಿಕೊಂಡು ಓಡಾಡುವ ಕಷ್ಟ ಅವರಿಗೆ ಬೇಡ, ಅದೂ ಆ ಕಾಲಿನಲ್ಲಿ. ಕ್ಷಮಿಸು ಅಂತ ಅವರಿಗೆ ಹೇಳಲು ನನಗೆ ದಾರಿಯಿಲ್ಲ. ಅವರ ಹೆಸರಿಗೆ ಕಾಗದ ಬರೆಯಬಹುದೇ ಅಂತ ಪರ್ಸಿಯನ್ನು ಕೇಳಿದೆ. ಕಾಗದ ಮಾತೋ ಅಲ್ಲವೋ ಅಂತ ಹಿರಿಯರು ಹೇಳಿ ಹೋಗಿಲ್ಲ ಅಂದ. ಹಾಗಾಗಿ ನಿನಗೇ ಬರೆಯುತ್ತಿದ್ದೇನೆ. ಓದಿ ಹೇಳುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು.

ನಿನ್ನ ಕೋಪ ಆರುವವರೆಗೆ ನನ್ನನ್ನು ಅಮ್ಮ ಅಂತ ಕರೆಯದಿದ್ದರೂ ಪರವಾಗಿಲ್ಲ.

ಡಲ್ಸಿ


ಆಲಿಸ್ ಸ್ಪ್ರಿಂಗ್ಸ್
4 ಆಗಸ್ಟ್ 1996

ಅಮ್ಮಾ,

ಕೋಪ ಇದೆ. ಇಲ್ಲ ಅಂತ ಬರೆದರೆ ನೀನು ನಂಬುವುದಿಲ್ಲ. ಬೆಳಗ್ಗೆ ಎದ್ದಾಗ ನಿನ್ನ ಮೇಲೆ, ಮಧ್ಯಾಹ್ನದ ಹೊತ್ತಿಗೆ ನನ್ನ ಮೇಲೆ, ಸಂಜೆ ಆ ವೈನು ಕುಡಿದ ಬೆವನ್ ಮೇಲೆ. ಅದು ಯಾರದೋ ತಿಳಿಯದೆ ಅಲೆಯುತ್ತಿದೆ. ಆದರೆ ಅಮ್ಮ ಅಂತ ಕರೆಯದೆ ಕಾಗದ ಶುರು ಮಾಡುವುದು ಹೇಗೆ ಅಂತ ನನಗೆ ಗೊತ್ತಿಲ್ಲ.

ಬೆವನ್ ಅಡಿಲೇಡಿನಿಂದ ಬಂದು ಮೂರು ವಾರವಾಯಿತು. ಹಾಸ್ಟೆಲಿನ ಹಿಂದಿನ ಬೀದಿಯಲ್ಲಿ ರೋಗಿಗಳ ಮನೆಯವರಿಗೊಂದು ಕೋಣೆ ಸಿಕ್ಕಿದೆ. ನಿಧಾನವಾಗಿ ಮಾತಾಡುತ್ತಾನೆ. ನನ್ನ ಹೆಸರು ಮರೆಯುವುದಿಲ್ಲ. ಏಣಿಯಿಂದ ಬಿದ್ದದ್ದು ನೆನಪಿದೆ, ಆಮೇಲಿನದು ಇಲ್ಲ. ಸಭೆ ನೆನಪಿಲ್ಲ, ನಾನು ಬೈದದ್ದು ನೆನಪಿಲ್ಲ. ಏಪ್ರಿಲಿನಲ್ಲಿ ಕುಡಿದಿದ್ದೆಯಾ ಅಂತ ನಾನೂ ಕೇಳಿದೆ. ಇಲ್ಲ ಅನ್ನೋಕೆ ಆಸೆ ಇದೆ ಅಂದ. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಾಗುವುದಿಲ್ಲ, ನಾನಿನ್ನು ಕೇಳುವುದಿಲ್ಲ.

ಬಲಗಾಲು ಎಳೆಯುತ್ತಾನೆ. ನಡೆದರೆ ಓಲಾಡುತ್ತಾನೆ, ಜೀವನವಿಡೀ ಹಾಗೇ ಇರುತ್ತದೆ ಅಂದಿದ್ದಾರೆ. ಈ ಮೂರು ವಾರದಲ್ಲಿ ಕುಡಿದವರನ್ನು ಒಯ್ಯುವ ಗಾಡಿಗೆ ಅವನನ್ನು ಮೂರು ಸಲ ಎತ್ತಿ ಹಾಕಿಕೊಂಡು ಹೋದರು, ಬ್ರೆಡ್ಡು ತರಲು ಹೋದವನನ್ನು. ಡಾಕ್ಟರು ಬರೆದುಕೊಟ್ಟ ಚೀಟಿ ಅವನ ಜೇಬಿನಲ್ಲಿದೆ. ಚೀಟಿ ತೆಗೆಯಲು ಕೈ ತಡಬಡಿಸುತ್ತದೆ, ತಡಬಡಿಸುವುದನ್ನು ನೋಡಿಯೇ ಅವರು ನಿರ್ಧಾರ ಮಾಡಿರುತ್ತಾರೆ. ಈ ಪಟ್ಟಣದಲ್ಲಿ ಅವನು ಬದುಕಲಾರ. ಮಷೀನು ಬಿಟ್ಟು ನಾನು ಅಲ್ಲಿಗೆ ಬರಲಾರೆ. ಆ ನಡಿಗೆ ಯಾವುದರದು ಅಂತ ಗೊತ್ತಿರುವ ಜನ ಇರುವುದು ಈ ಭೂಮಿಯ ಮೇಲೆ ಒಂದೇ ಊರಿನಲ್ಲಿ. ಹದಿಮೂರನೆಯ ತಾರೀಕು ಮಂಗಳವಾರದ ಟಪಾಲು ವಿಮಾನದಲ್ಲಿ ಕಳಿಸುತ್ತಿದ್ದೇನೆ. ಮೇವಿಸ್ ಅತ್ತೆ ವಿಮಾನದ ಹತ್ತಿರ ಬರಲಿ.

ನಿನ್ನ ಕಾಗದವನ್ನು ಅವನಿಗೆ ಓದಿದೆ. ಪೂರ್ತಿ ಓದಿದೆ, ಅಣ್ಣನ ವಿಷಯವನ್ನೂ. ಅವನು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತು ಕೇಳಿದ. ನೀನೇ ಕೋಣೆಯಲ್ಲಿದ್ದೀಯೇನೋ ಅನ್ನುವ ಹಾಗೆ ಕೂತಿದ್ದ. ನೀನು ಊರು ಬಿಟ್ಟು ಅಕ್ಕನ ಬಿಡಾರಕ್ಕೆ ಹೋಗುತ್ತೀ ಅನ್ನುವಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದ.

"ಹೋಗ್ಬೇಡಿ ಅಂತ ಬರಿ," ಅಂದ. "ನನ್ನ ಕಡೆ ನೋಡದೇ ಇರೋಕಾದ್ರೂ ಅವರು ಅಲ್ಲಿ ಇರ್ಬೇಕಲ್ಲ."

ನಿನ್ನ ಮಗಳು,
ಜನೀನ್